ತಂತಿಯ ಆ ತುದಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವೈಟ್‌ವಾಟರ್ ಎಂಬ ಸಣ್ಣ ಊರಿದೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅಲ್ಲಿ ಶಿಕ್ಷಕರನ್ನು ತಯಾರು ಮಾಡುವ ಒಂದು ನಾರ್ಮಲ್ ಸ್ಕೂಲು ಇತ್ತು. ನಮ್ಮಲ್ಲಿಯೂ ಹಳಬರು ಮೇಷ್ಟರ ತರಬೇತಿ ಶಾಲೆಗಳನ್ನು ನಾರ್ಮಲ್ ಸ್ಕೂಲು ಎಂದೇ ಕರೆಯುತ್ತಿದ್ದರು. 1876ರಲ್ಲಿ ವೈಟ್‌ವಾಟರಿನ ಆ ಶಾಲೆಗೆ ವಾರನ್ ಜಾನ್ಸನ್ ಎಂಬವರು ಪಾಠ ಹೇಳಲು ಬಂದರು. ದೊಡ್ಡ ಕಂಪನಿ ಕಟ್ಟಿದ ಮನುಷ್ಯ ಎಂದು ಅವರನ್ನು ಈಗ ನೆನೆಯುತ್ತಾರೆ. ನನಗೆ ಮಾತ್ರ ಅವರು ಮೊದಲು ಮೇಷ್ಟರು. ಇಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ದೊಡ್ಡ ಕಚೇರಿಗಳಲ್ಲಿ ಹತ್ತಾರು ಕೋಣೆಗಳ ಎ.ಸಿ.ಗಳನ್ನು ಒಂದೇ ಜಾಗದಿಂದ ನಡೆಸುವ ತಂತಿಯಿದೆಯಲ್ಲ, ಅದರ ಹಿಂದಿನ ಎಳೆ ಹಿಡಿದು ಹೋದರೆ ನಾವು ತಲುಪುವುದು ಈ ಮೇಷ್ಟರ ತರಗತಿಗೆ.

ತಂಪಿನ ಮಾತಿಗೆ ಹಿಮದ ನಾಡಿನಿಂದ ಆರಂಭವೇ ಎನ್ನಬೇಡಿ. ಅಲ್ಲಿ ಕಷ್ಟ ಚಳಿಯದಾಗಿತ್ತು. ಶಾಲೆಯ ನೆಲಮಾಳಿಗೆಯಲ್ಲಿ ಒಲೆ ಉರಿಯುತ್ತಿತ್ತು. ಅದರ ಬಿಸಿ ಮೇಲಿನ ಕೋಣೆಗಳಿಗೆ ಹರಿಯುತ್ತಿತ್ತು. ಯಾವ ಕೋಣೆಗೆ ಎಷ್ಟು ಬಿಸಿ ಹೋಗಬೇಕೆಂದು ನಿರ್ಧರಿಸುವ ತಗಡಿನ ಮುಚ್ಚಳಗಳೂ ಕೆಳಗೇ ಇದ್ದವು. ಆದರೆ ಮೇಲಿನ ಕೋಣೆ ಬೆಚ್ಚಗಿದೆಯೋ ಕೊರೆಯುತ್ತಿದೆಯೋ ಕೆಳಗಿದ್ದವನಿಗೆ ತಿಳಿಯುವುದು ಹೇಗೆ? ಶಾಲೆಯ ಜವಾನ ಒಂದೊಂದೇ ತರಗತಿಯ ಬಾಗಿಲು ತೆರೆದು ಒಳಗೆ ಬಂದು, ಗೋಡೆಯ ಮೇಲಿನ ಉಷ್ಣಮಾಪಕ ನೋಡಿಕೊಂಡು, ಮತ್ತೆ ಕೆಳಗಿಳಿದು ಮುಚ್ಚಳ ತಿರುಗಿಸಬೇಕಿತ್ತು. ದಿನಕ್ಕೆ ಎಷ್ಟೋ ಸಲ.

ಪಾಠದ ನಡುವೆ ಬಾಗಿಲು ತೆರೆದುಕೊಂಡರೆ ಏನಾಗುತ್ತದೆಂದು ಪಾಠ ಹೇಳಿದವರಿಗೇ ಗೊತ್ತು. ನಮ್ಮ ಶಾಲೆಯಲ್ಲಿ ಬರುವುದು ಸುತ್ತೋಲೆಯ ಪುಸ್ತಕ. ಪಾಣಿಪತ್ ಕದನ ರಂಗೇರಿದ ಹೊತ್ತಿಗೆ ಸರಿಯಾಗಿ ಅದು ಬಾಗಿಲಲ್ಲಿ ನಿಲ್ಲುತ್ತದೆ. ರುಜು ಹಾಕಿ ತಿರುಗುವಷ್ಟರಲ್ಲಿ ಆನೆ, ಕುದುರೆ, ತೋಪು ಎಲ್ಲ ತಣ್ಣಗಾಗಿರುತ್ತವೆ. ನಾವು ಗೊಣಗಿ ಸುಮ್ಮನಾಗುತ್ತೇವೆ. ಜಾನ್ಸನ್ ಮೇಷ್ಟರು ಸುಮ್ಮನಾಗಲಿಲ್ಲ. ಅವರಿಗೆ ವಿದ್ಯುತ್ತಿನ ಹುಚ್ಚಿತ್ತು, ಕೈಯಲ್ಲಿ ಕಸುಬಿತ್ತು.

ಅವರು ಮಾಡಿದ ಸಾಧನದ ಹೃದಯ ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲೂ ಇದೆ. ಇಸ್ತ್ರಿ ಕಾಯುತ್ತ ಬಂದಾಗ ಒಳಗೆ 'ಟಿಕ್' ಎನ್ನುತ್ತದೆ, ದೀಪ ಆರುತ್ತದೆ. ಒಳಗೆ ಎರಡು ಬೇರೆ ಬೇರೆ ಲೋಹಗಳ ಪಟ್ಟಿಗಳನ್ನು ಒಂದರ ಮೇಲೊಂದು ಬೆಸೆದಿರುತ್ತಾರೆ. ಹಿತ್ತಾಳೆ ಬಿಸಿಗೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಜೋಡಿಯಾಗಿ ಕಟ್ಟಿಹಾಕಿರುವುದರಿಂದ ಒಂದು ಹೆಚ್ಚು ಹಿಗ್ಗಿದರೆ ಪಟ್ಟಿ ಬಾಗಲೇಬೇಕು. ಬಾಗಿದಾಗ ಒಂದು ತುದಿ ಮುಟ್ಟುತ್ತದೆ ಅಥವಾ ಬಿಡುತ್ತದೆ. ವಿದ್ಯುತ್ತು ಹರಿಯುತ್ತದೆ ಅಥವಾ ನಿಲ್ಲುತ್ತದೆ. ಈ ಪಟ್ಟಿ ಜಾನ್ಸನ್ನರ ಸೃಷ್ಟಿಯಲ್ಲ. ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಹದಿನೆಂಟನೆಯ ಶತಮಾನದಲ್ಲೇ ಅದನ್ನು ಬಳಸಿದ್ದರು. 1830ರಲ್ಲಿ ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನ ಪಂಡಿತರು ಬಟ್ಟೆ ಗಿರಣಿಗಳಿಗಾಗಿ ಇಂಥ ಪಟ್ಟಿಯ ಸಾಧನ ಮಾಡಿ 'ಥರ್ಮೋಸ್ಟಾಟ್' ಎಂದು ಹೆಸರಿಟ್ಟರು. ಜಾನ್ಸನ್ ಮಾಡಿದ ಹೊಸದೆಂದರೆ ಅದಕ್ಕೊಂದು ತಂತಿ ಕಟ್ಟಿ, ಆ ತಂತಿಯನ್ನು ನೆಲಮಾಳಿಗೆಗೆ ಇಳಿಸಿ, ಕೊನೆಗೆ ಒಂದು ಗಂಟೆ ತೂಗಿಸಿದ್ದು. ಕೋಣೆ ಹದ ತಪ್ಪಿದರೆ ಕೆಳಗೆ ಗಂಟೆ ಬಾರಿಸುತ್ತಿತ್ತು. ಜವಾನ ಎದ್ದು ಮುಚ್ಚಳ ತಿರುಗಿಸುತ್ತಿದ್ದ. ಮೇಲೆ ಪಾಠ ಸಾಗುತ್ತಿತ್ತು. 1883ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಮೇಷ್ಟರು ಇಟ್ಟ ಹೆಸರು 'ವಿದ್ಯುತ್ ಟೆಲಿ-ಥರ್ಮೋಸ್ಕೋಪ್'. ಬಿಸಿಯನ್ನು ದೂರಕ್ಕೆ ತೋರಿಸುವುದು ಎಂದರ್ಥ.

ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಆ ಮೊದಲ ತಂತಿ ಕೋಣೆಯಿಂದ ಹೊರಟು ಕೆಳಗೆ ಹೋಗಿತ್ತು. ಮಾತಾಡುತ್ತಿದ್ದುದು ಕೋಣೆ, ಕೇಳುತ್ತಿದ್ದುದು ನೆಲಮಾಳಿಗೆ. ಮುಂದೆ ನೂರು ವರ್ಷಗಳಲ್ಲಿ ಈ ದಿಕ್ಕು ಮೆಲ್ಲಗೆ ತಿರುಗಿತು. ಅದು ಹೇಗೆ ತಿರುಗಿತು ಎಂಬುದೇ ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು.

ಜಾನ್ಸನ್ 1885ರಲ್ಲಿ ಮೇಷ್ಟರಿಕೆ ಬಿಟ್ಟು ಮಿಲ್ವಾಕಿ ನಗರಕ್ಕೆ ಹೋದರು. ವಿಲಿಯಂ ಪ್ಲಾಂಕಿಂಟನ್ ಎಂಬ ಹಣವಂತರ ನೆರವಿನಿಂದ 'ಜಾನ್ಸನ್ ಎಲೆಕ್ಟ್ರಿಕ್ ಸರ್ವೀಸ್ ಕಂಪನಿ' ಹುಟ್ಟಿತು. ಗಂಟೆಯ ಬಳಿ ಮನುಷ್ಯ ಕೂತಿರಬೇಕಾದ ಕಟ್ಟನ್ನೂ ಅವರು ಬಿಡಿಸಿದರು. 1895ರ ಪೇಟೆಂಟಿನಲ್ಲಿ ತಂತಿಯ ಬದಲು ತೆಳ್ಳನೆಯ ಕೊಳವೆಗಳು ಬಂದವು, ಅವುಗಳೊಳಗೆ ಒತ್ತಡದ ಗಾಳಿ. ಪಟ್ಟಿ ಬಾಗಿ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚಿದರೆ ಗಾಳಿಯ ಒತ್ತಡ ಏರುತ್ತದೆ, ಆ ಒತ್ತಡವೇ ಉಗಿಯ ಕವಾಟವನ್ನು ತಳ್ಳುತ್ತದೆ. ಪ್ರತಿ ಕೋಣೆಯೂ ತನ್ನ ಬಿಸಿಯನ್ನು ತಾನೇ ನೋಡಿಕೊಳ್ಳತೊಡಗಿತು. ಮೇಷ್ಟರ ಮನಸ್ಸು ಒಂದೇ ಕಡೆ ನಿಲ್ಲುವಂಥದಲ್ಲ. ಗೋಪುರದ ಗಡಿಯಾರ, ನಿಸ್ತಂತು, ಟಪಾಲು ಹೊರುವ ಉಗಿಗಾಡಿ ಹೀಗೆ ಏನೇನೋ ಮಾಡಿದರು. 1911ರಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿಯವರು ಬೇರೆಲ್ಲ ಕೈಬಿಟ್ಟು ಕೋಣೆಯ ಶಾಖದ ಕೆಲಸವನ್ನೇ ಹಿಡಿದರು.

ಇನ್ನು ತಂಪು. ಮನುಷ್ಯರ ಸುಖಕ್ಕಾಗಿ ಎ.ಸಿ. ಹುಟ್ಟಿತೆಂದು ನಾವು ತಿಳಿದಿರುತ್ತೇವೆ. ಹಾಗಲ್ಲ, ಅದು ಹುಟ್ಟಿದ್ದು ಕಾಗದಕ್ಕಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಬಣ್ಣದ ಚಿತ್ರ ಅಚ್ಚು ಹಾಕುವಾಗ ಒಂದೊಂದೇ ಬಣ್ಣವನ್ನು ಒಂದರ ಮೇಲೊಂದು ಹಾಕಬೇಕು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಬೀಳುತ್ತಿತ್ತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಅಲ್ಲಿನ ಗಾಳಿಯ ತೇವವನ್ನು ಶೇಕಡಾ 55ಕ್ಕೆ ಕಟ್ಟಿಹಾಕುವ ಯಂತ್ರವನ್ನು ರೂಪಿಸಿದರು. ಜನರ ಸರದಿ ಬಂದದ್ದು ಆಮೇಲೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಿಟಕಿಗೆ ಕೂರಿಸುವ ಪೆಟ್ಟಿಗೆ ಎ.ಸಿ.ಗಳು ಅಗ್ಗವಾದವು, 1953ರ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದವು.

ಪೆಟ್ಟಿಗೆ ಎ.ಸಿ. ಒಂದು ರೀತಿಯ ಸ್ವರಾಜ್ಯ. ತಿರುಗಿಸುವ ಗುಂಡಿ ಅದರ ಮೈಮೇಲೇ ಇತ್ತು. ಕೂತವರು ಎದ್ದು ತಿರುಗಿಸಿದರಾಯಿತು. ಬ್ರಿಟಿಷರ ಕಾಲದ ನಮ್ಮ ಕಚೇರಿಗಳ ಪಂಖಾವನ್ನು ಇದರ ಪಕ್ಕ ಇಟ್ಟು ನೋಡಿ. ಸೂರಿನಿಂದ ತೂಗಿದ ಬಟ್ಟೆಯ ಚೌಕಟ್ಟು, ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಕ್ಕೆ, ಹೊರಗಿನ ಪಡಸಾಲೆಯಲ್ಲಿ ಬೆವರು ಸುರಿಸುತ್ತ ಹಗ್ಗ ಎಳೆಯುವ ಬಡವ. ಕೆಲವರು ಮಲಗಿಕೊಂಡು ಕಾಲ್ಬೆರಳಿಗೆ ಹಗ್ಗ ಸುತ್ತಿಕೊಂಡು ಎಳೆಯುತ್ತಿದ್ದರಂತೆ. ತಂಪು ಅನುಭವಿಸುವವನೊಬ್ಬ, ಅದನ್ನು ನಡೆಸುವವನೊಬ್ಬ, ನಡುವೆ ಗೋಡೆ. ಚರಿತ್ರೆಯ ಪುಸ್ತಕದಲ್ಲಿ ಪಂಖಾದ ಚಿತ್ರ ಬಂದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಅವನಿಗೆ ಯಾರು ಗಾಳಿ ಹಾಕ್ತಿದ್ರು ಟೀಚರ್?" ಎಂಬುದು.

ಕೋಣೆಕೋಣೆಯ ಸ್ವರಾಜ್ಯಕ್ಕೆ ಖರ್ಚು ಹೆಚ್ಚು. ಮನೆಯಲ್ಲಿ ಒಂದು ಎ.ಸಿ. ಮರೆತು ಬಂದರೆ ಮರುತಿಂಗಳು ಬಿಲ್ಲು ನೋಡಿ ಬೈಸಿಕೊಳ್ಳುತ್ತೇವೆ. ನೂರು ಕೋಣೆಗಳ ಹೋಟೆಲಿನಲ್ಲಿ ಬೈಯುವುದು ಯಾರನ್ನು? ಹಾಗಾಗಿ ತಂತಿ ಎಳೆಯುವ ಯೋಚನೆ ಮತ್ತೆ ಬಂತು. ಜಾನ್ಸನ್ನರ ಕಂಪನಿಯೇ 1972ರಲ್ಲಿ 'ಜೆಸಿ-80' ಎಂಬ, ಪುಟ್ಟ ಕಂಪ್ಯೂಟರಿನಿಂದ ಇಡೀ ಕಟ್ಟಡ ನಡೆಸುವ ವ್ಯವಸ್ಥೆಯನ್ನು ತಂದಿತು. ಮರುವರ್ಷ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದಾಗ ಉರುವಲಿನ ಬೆಲೆ ಗಗನಕ್ಕೇರಿ, ಇಂಥ ಯಂತ್ರಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಚೇರಿ, ಅಂಗಡಿಗಳಂಥ ಕಟ್ಟಡಗಳಿಗೆ ಆಜ್ಞೆಯನ್ನೇ ಹೊರಡಿಸಿದರು: ಬೇಸಿಗೆಯಲ್ಲಿ 78 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಂಪು ಮಾಡಕೂಡದು, ಚಳಿಗಾಲದಲ್ಲಿ 65ಕ್ಕಿಂತ ಬಿಸಿ ಮಾಡಕೂಡದು. ನಮ್ಮ ಲೆಕ್ಕದಲ್ಲಿ ಸುಮಾರು ಇಪ್ಪತ್ತೈದೂವರೆ ಮತ್ತು ಹದಿನೆಂಟು. 1981ರಲ್ಲಿ ರೇಗನ್ ಬಂದು ಅದನ್ನು ರದ್ದು ಮಾಡಿದರು. ಆಜ್ಞೆ ಹೋದರೂ, ತಾಪವನ್ನು ಮೇಲಿನಿಂದ ನಿಗದಿ ಮಾಡಬಹುದೆಂಬ ಅಭ್ಯಾಸ ಉಳಿದುಕೊಂಡಿತು.

ಈ ತಂತಿಗಳ ಕೆಲಸ ನನಗೆ ತಿಳಿದದ್ದು ನಮ್ಮ ಶಾಲೆಯ ನೆಪದಲ್ಲಿ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂದರೆ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಐದು ಎ.ಸಿ. ಕೊಡಿಸಿದರು. ಕಂಪ್ಯೂಟರ್ ಕೋಣೆ, ಪ್ರಯೋಗಾಲಯ, ಎರಡು ಸ್ಮಾರ್ಟ್ ಕ್ಲಾಸು, ಗ್ರಂಥಾಲಯ. ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಹುಡುಗ ಹಿಂದೊಮ್ಮೆ ನನ್ನ ಕೈಯಲ್ಲೇ ಹತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿತವನು. ಅಂದು ಕೇಳದಷ್ಟು ಪ್ರಶ್ನೆಗಳನ್ನು ಈಗ ನಾನೇ ಅವನನ್ನು ಕೇಳಿದೆ.

ಅವನು ಹೇಳಿದ ಮೊದಲ ಮಾತೇ ನಮ್ಮ ಊರುಗಳಿಗೆ ತಕ್ಕದ್ದು. ಕರೆಂಟು ಹೋಗಿ ಬಂದಾಗ ಐದು ಯಂತ್ರಗಳೂ ಒಟ್ಟಿಗೆ ಚಾಲೂ ಆಗಬಾರದು. ಹಳೆಯ ರೀತಿಯ ಕಂಪ್ರೆಸರು ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಎಳೆಯುವುದು ಹಲವು ಪಟ್ಟು. ಐದೂ ಒಮ್ಮೆಲೇ ಎದ್ದರೆ ಬೋರ್ಡಿನ ಸ್ವಿಚ್ಚು ಬಿದ್ದುಹೋಗುತ್ತದೆ. ಆರಿದ ಕಂಪ್ರೆಸರನ್ನು ಕೂಡಲೇ ಎಬ್ಬಿಸುವುದೂ ತಪ್ಪು. ಒಳಗಿನ ಅನಿಲದ ಒತ್ತಡ ಸಮವಾಗಲು ಸುಮಾರು ಮೂರು ನಿಮಿಷ ಬೇಕು. ಒಂದೇ ಕಡೆ ನಿಯಂತ್ರಣವಿದ್ದರೆ ಒಂದಾದ ಮೇಲೊಂದರಂತೆ, ಸರದಿಯಲ್ಲಿ ಎಬ್ಬಿಸಬಹುದು. ಇದು ನನಗೆ ಒಪ್ಪಿಗೆಯಾಯಿತು. ಬಿಸಿಯೂಟಕ್ಕೆ ಐದು ತರಗತಿಗಳನ್ನು ಒಟ್ಟಿಗೆ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ!

ತಂತಿ ಎಳೆಯುವುದಕ್ಕೆ ಹಲವು ದಾರಿಗಳಿವೆಯಂತೆ. ಎ.ಸಿ. ಓಡಿಸುವ ದಪ್ಪ ತಂತಿಯನ್ನೇ ಕಚೇರಿಯವರೆಗೆ ತಂದು ಅಲ್ಲಿ ಸ್ವಿಚ್ಚು ಹಾಕುವುದು ದಡ್ಡತನ, ಅಪಾಯವೂ ಹೌದು. ಬದಲಿಗೆ ತೆಳ್ಳನೆಯ ತಂತಿಯಲ್ಲಿ 24 ವೋಲ್ಟಿನ ಸಣ್ಣ ಕರೆಂಟು ಕಳಿಸುತ್ತಾರೆ, ಅದು ಎ.ಸಿ.ಯ ಬಳಿಯ ವಿದ್ಯುತ್ಕಾಂತವನ್ನು ಎಚ್ಚರಿಸುತ್ತದೆ, ಆ ಕಾಂತ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ. ಆದರೆ ಈಗಿನ ಗೋಡೆ ಎ.ಸಿ.ಗಳಿಗೆ ಬರೀ ಕರೆಂಟು ಕೊಟ್ಟರೆ ಸಾಲದು, ಎಷ್ಟು ಡಿಗ್ರಿ ಎಂದೂ ಹೇಳಬೇಕು. ಅದಕ್ಕೆ ರಿಮೋಟಿನ ಭಾಷೆಯನ್ನೇ ಅಣಕಿಸುವ ಪುಟ್ಟ ಪೆಟ್ಟಿಗೆಯೊಂದು ಸಿಗುತ್ತದೆ. ಅಗ್ಗ. ಅದರ ಕೊರತೆಯೊಂದೇ: ಆಜ್ಞೆಯನ್ನು ಬೆಳಕಾಗಿ ಎಸೆಯುತ್ತದೆ, ಎ.ಸಿ.ಗೆ ಕೇಳಿಸಿತೋ ಇಲ್ಲವೋ ಅದಕ್ಕೆ ತಿಳಿಯದು. ಮುಂದೆ ಪರದೆ ಅಡ್ಡ ಬಂದಿದ್ದರೂ 'ಆಯಿತು' ಎಂದೇ ಬರೆದುಕೊಳ್ಳುತ್ತದೆ. ನಮ್ಮ ಇಲಾಖೆಯ ಎಷ್ಟೋ ಸುತ್ತೋಲೆಗಳ ನೆನಪಾಗಿ ನನಗೆ ನಗು ಬಂತು.

ದುಬಾರಿಯ ದಾರಿಯೆಂದರೆ ಎ.ಸಿ.ಯ ಒಳಗಿನ ಹಲಗೆಗೇ ಒಂದು ಚೀಟಿಯಂಥ ಭಾಗ ಸೇರಿಸಿ, ಹೆಣೆದ ಎರಡೆಳೆಯ ತಂತಿಯನ್ನು ಒಂದರಿಂದ ಇನ್ನೊಂದಕ್ಕೆ ಮಾಲೆಯಂತೆ ಕೊಂಡೊಯ್ಯುವುದು. ಮಾತಿನ ರೀತಿ 'ಮಾಡ್‌ಬಸ್' ಎಂಬುದು, 1979ರಲ್ಲಿ ಕಾರ್ಖಾನೆಗಳಿಗಾಗಿ ಮಾಡಿದ್ದು, ಇಂದಿಗೂ ನಡೆಯುತ್ತಿದೆ. ಹುಡುಗ ವಿವರಿಸಿದಾಗ ನನಗೆ ಹಾಜರಿ ಪುಸ್ತಕವೇ ಕಣ್ಣಿಗೆ ಬಂತು. ಪ್ರತಿ ಯಂತ್ರಕ್ಕೂ ಒಂದು ನಂಬರು. ಯಜಮಾನ ಪೆಟ್ಟಿಗೆ 'ಒಂದು' ಎನ್ನುತ್ತದೆ, ಒಂದನೆಯದು ಮಾತ್ರ ಉತ್ತರಿಸುತ್ತದೆ. 'ಎರಡು' ಎಂದರೆ ಎರಡನೆಯದು. ಕರೆಯದೆ ಯಾರೂ ಬಾಯಿ ತೆರೆಯುವಂತಿಲ್ಲ, ಕೈಯೆತ್ತುವಂತೆಯೂ ಇಲ್ಲ. ಉತ್ತರ ಬರುತ್ತದೆ ನಿಜ. ಅದು ಯಂತ್ರದ ಉತ್ತರ, ಕೆಳಗೆ ಕೂತ ಮಗುವಿನದಲ್ಲ.

ನನ್ನ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಮೇ ತಿಂಗಳಲ್ಲಿ ಊರಿಗೆ ಬಂದವಳ ಚೀಲದಲ್ಲಿ ಉಣ್ಣೆಯ ಶಾಲು ಕಂಡು ಕೇಳಿದೆ. "ಅಮ್ಮಾ, ಆಫೀಸಿನಾಗ ಹೊದ್ಕೊಳ್ಳಾಕ. ನಮ್ಮ ಸಾಲಿನಾಗ ಹುಡುಗ್ಯಾರೆಲ್ಲ ಒಂದೊಂದು ಇಟ್ಟೀವಿ" ಎಂದಳು. ಕಡಿಮೆ ಮಾಡಿಸಬಾರದೇನೆಂದರೆ, "ಕಂಪ್ಯೂಟರಿನಾಗ ದೂರು ಹಾಕಬೇಕು. ನಂಬರ್ ಬರ್ತದ. ಮರುದಿನ 'ತಾಪ ಸರಿಯಾಗಿಯೇ ಇದೆ' ಅಂತ ಉತ್ತರ ಬರ್ತದ" ಎಂದಳು. ಗೋಡೆಯ ಮೇಲೆ ಗುಂಡಿ ಇದೆಯಂತೆ. ಒತ್ತಿದರೆ ಅಂಕಿ ಬದಲಾಗುತ್ತದೆ, ಚಳಿ ಬದಲಾಗುವುದಿಲ್ಲ. ಇದು ಅವಳ ಕಲ್ಪನೆಯಿರಬಹುದೆಂದುಕೊಂಡಿದ್ದೆ. ಆದರೆ ಅಮೆರಿಕದ ಕಚೇರಿಗಳಲ್ಲಿ ಯಾವ ತಂತಿಗೂ ಸೇರದ ಸುಳ್ಳು ಥರ್ಮೋಸ್ಟಾಟುಗಳನ್ನು ಗೋಡೆಗೆ ಹೊಡೆದು, ದೂರುವವರನ್ನು ಸಮಾಧಾನಪಡಿಸುವ ಪದ್ಧತಿಯಿದೆಯೆಂದು 2003ರಲ್ಲಿಯೇ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಬರೆದಿತ್ತು. ಅಳುವ ಕೂಸಿಗೆ ಕೊಡುವ ಹಾಲಿಲ್ಲದ ರಬ್ಬರಿನಂತೆ.

'ಸರಿಯಾದ ತಾಪ' ಎನ್ನುತ್ತಾರಲ್ಲ, ಅದು ಯಾರಿಗೆ ಸರಿ? ಕಚೇರಿಗಳ ತಾಪದ ಲೆಕ್ಕ 1960ರ ದಶಕದಲ್ಲಿ ರೂಪುಗೊಂಡದ್ದು. ಅದರಲ್ಲಿ ದೇಹ ಎಷ್ಟು ಶಾಖ ಹುಟ್ಟಿಸುತ್ತದೆ ಎಂಬ ಅಂಕಿಯನ್ನು ಸುಮಾರು 40 ವರ್ಷದ, 70 ಕಿಲೋ ತೂಕದ ಒಬ್ಬ ಗಂಡಸಿನಿಂದ ತೆಗೆದಿದ್ದಾರೆ. 2015ರಲ್ಲಿ ನೆದರ್‌ಲೆಂಡಿನ ಬೋರಿಸ್ ಕಿಂಗ್ಮ ಮತ್ತು ವೂಟರ್ ವಾನ್ ಮಾರ್ಕನ್ ಲಿಖ್ಟನ್‌ಬೆಲ್ಟ್ ಎಂಬ ಸಂಶೋಧಕರು, ಕೂತು ಕೆಲಸ ಮಾಡುವ 16 ಯುವತಿಯರ ದೇಹದ ಶಾಖವನ್ನು ಅಳೆದು, ಹೆಂಗಸರಿಗೆ ಈ ಲೆಕ್ಕ ಹೊಂದುವುದಿಲ್ಲವೆಂದು ತೋರಿಸಿದರು. ಹಳೆಯ ಅಂಕಿ ಹೆಂಗಸರ ಶಾಖವನ್ನು ಶೇಕಡಾ 35ರವರೆಗೂ ಹೆಚ್ಚಾಗಿ ಎಣಿಸುತ್ತಿರಬಹುದಂತೆ. ಹದಿನಾರು ಜನರ ಪರೀಕ್ಷೆ ಸಣ್ಣದು, ಒಪ್ಪುತ್ತೇನೆ. ಆದರೆ ಶಾಲಿನ ಲೆಕ್ಕ ಹಾಕಲು ಹೊರಟರೆ ಬೆಂಗಳೂರಿನಲ್ಲೇ ಎಷ್ಟು ಸಿಗಬಹುದು! ಬಟ್ಟೆಯ ಪಾತ್ರವೂ ಇದೆ. ಕೋಟು, ಟೈ, ಬೂಟು ಹಾಕಿದವರಿಗೆ ಹಿತವಾಗುವ ತಂಪು ಸೀರೆ, ಚೂಡಿದಾರದವರಿಗೆ ಚಳಿಯೇ. ಜಪಾನಿನಲ್ಲಿ 2005ರ ಬೇಸಿಗೆಯಲ್ಲಿ ಪರಿಸರ ಸಚಿವೆಯಾಗಿದ್ದ ಕೊಯಿಕೆ ಯುರಿಕೊ ಅವರು ಕಚೇರಿಗಳಲ್ಲಿ ಎ.ಸಿ.ಯನ್ನು 28 ಡಿಗ್ರಿಗೆ ಇಡಿ, ಗಂಡಸರು ಟೈ, ಕೋಟು ತೆಗೆದಿಡಿ ಎಂಬ 'ಕೂಲ್ ಬಿಜ್' ಚಳವಳಿ ಆರಂಭಿಸಿದರು. ಯಂತ್ರ ಮುಟ್ಟುವ ಮೊದಲು ಬಟ್ಟೆ ಬದಲಿಸಿರೆಂದು ಹೇಳಲು ಒಬ್ಬ ಹೆಂಗಸೇ ಬೇಕಾಯಿತು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿ, ಗಣಿತದ ಮೇಷ್ಟರ ಸಿಟ್ಟಿಗೆ ಗುರಿಯಾದೆ.

ನಮ್ಮ ದೇಶದಲ್ಲೂ 2020ರ ಜನವರಿ 1ರಿಂದ ನಕ್ಷತ್ರ ಗುರುತಿನ ಕೋಣೆ ಎ.ಸಿ.ಗಳೆಲ್ಲ ಅಂಗಡಿಯಿಂದ ಬರುವಾಗಲೇ 24 ಡಿಗ್ರಿಗೆ ಹೊಂದಿಸಿರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆಂಬುದು ಸರ್ಕಾರದ ಲೆಕ್ಕ. ಇದು ಒಳ್ಳೆಯ ನಿಯಮ. ಬೇಕಾದವರು ಬದಲಿಸಿಕೊಳ್ಳಬಹುದು, ಅಲ್ಲಿ ಕೈ ಕಟ್ಟಿಲ್ಲ.

ನಮ್ಮ ಶಾಲೆಯ ಸಭೆಯಲ್ಲಿ ನಿಯಂತ್ರಣದ ಪೆಟ್ಟಿಗೆ ಎಚ್ಚೆಮ್ ಮೇಡಂ ಕೋಣೆಯಲ್ಲಿರಲಿ, 26 ಡಿಗ್ರಿ, ಹನ್ನೊಂದರಿಂದ ನಾಲ್ಕು ಎಂದು ತೀರ್ಮಾನವಾಯಿತು. ಬಿಲ್ಲು ಕಟ್ಟುವವರ ಕಷ್ಟ ಅವರದು, ನಾನು ವಿರೋಧಿಸಲಿಲ್ಲ. ಒಂದು ಮಾತು ಮಾತ್ರ ಸೇರಿಸಿದೆ: ಪ್ರತಿ ಕೋಣೆಯಿಂದ ಇನ್ನೊಂದು ಜೊತೆ ತಂತಿ ಬರಲಿ, ಕೋಣೆಯ ತುದಿಯಲ್ಲಿ ಮನೆಬಾಗಿಲಿನ ಕರೆಗಂಟೆಯ ಗುಂಡಿ, ಕಚೇರಿಯ ತುದಿಯಲ್ಲಿ ಗಂಟೆ ಮತ್ತು ಕೋಣೆಯ ನಂಬರಿನ ದೀಪ. ಮಗುವಿಗೆ ಜ್ವರ ಬಂದರೆ, ಯಂತ್ರದಿಂದ ನೀರು ಸೋರಿದರೆ, ಸೆಕೆ ತಡೆಯದಾದರೆ ಒತ್ತಬಹುದು. ದಿನವಿಡೀ ಗಂಟೆಯೇ ಬಾರಿಸೀತು ಎಂದು ಕೆಲವರು ನಕ್ಕರು. ಮಕ್ಕಳು ಆಟಕ್ಕೆ ಒತ್ತುವುದು ಖಂಡಿತ ಎಂದು ಎಚ್ಚೆಮ್ ಮೇಡಂ ಅಂದರು. ಒತ್ತಲಿ, ಒಂದು ವಾರ ಒತ್ತಿ ಬೇಸತ್ತು ಬಿಡುತ್ತಾರೆ ಎಂದು ನಮ್ಮ ಅಟೆಂಡರಣ್ಣನೇ ನನ್ನ ಪರ ನಿಂತ. ಗಂಟೆಯಾದರೆ ಯಾವ ಕೋಣೆಗೆ ಹೋಗಬೇಕೆಂದಾದರೂ ತಿಳಿಯುತ್ತದೆ, ಇಲ್ಲದಿದ್ದರೆ ಐದಕ್ಕೂ ನಾನೇ ಅಲೆಯಬೇಕಲ್ಲ ಎಂಬುದು ಅವನ ವಾದ.

ಖರ್ಚು ಹೆಚ್ಚೇನಿಲ್ಲ, ತಂತಿ ಎಳೆಯುವಾಗಲೇ ಇದನ್ನೂ ಎಳೆದುಬಿಡುತ್ತೇನೆ ಎಂದು ಹುಡುಗ ಒಪ್ಪಿದ. ನಾಲ್ಕು ಕೋಣೆಗಳ ಕೆಲಸ ಮುಗಿದಿದೆ. ಗ್ರಂಥಾಲಯದ ಗೋಡೆ ಹಳೆಯ ಕಲ್ಲಿನದು, ಎರಡು ಮೊಳ ದಪ್ಪ. "ಅಕ್ಕೋರೆ, ಇದಕ್ಕ ಉದ್ದನ್ನ ಡ್ರಿಲ್ಲೇ ಬೇಕು. ಸೋಮವಾರ ತರ್ತೀನಿ" ಎಂದು ಹೇಳಿ ಹೋಗಿದ್ದಾನೆ.